ಇನ್ನೂರು ದುಂಡು ಇಟ್ಟಿಗೆ ಎಲ್ಲಿ ಸಿಗುತ್ತವೆ?

ಪ್ರಶ್ನೆ: ಸರ್, 1999ರಲ್ಲಿ ಮೈಸೂರಿನಲ್ಲಿ ಮನೆ ಕಟ್ಟಿಸಿದೆವು. ಹೊರಗೋಡೆಗೆ ಗಿಲಾವು ಇಲ್ಲ, ಪೂರ್ತಿ ವೈರ್‌ಕಟ್ (ಯಂತ್ರದಲ್ಲಿ ಒತ್ತಿ ತಂತಿಯಿಂದ ಕೊಯ್ದ) ಇಟ್ಟಿಗೆ. ಬಾಗಿಲು, ಕಿಟಕಿಯ ಅಂಚಿಗೆ ಮೂಲೆ ದುಂಡಗಿರುವ ಇಟ್ಟಿಗೆ, ಕಾಂಪೌಂಡಿನ ನೆತ್ತಿಗೆ ಎರಡೂ ತುದಿ ದುಂಡಗಿರುವುದು. ಅಂಗಡಿಯವರು ಬುಲ್‌ನೋಸ್ ಅನ್ನುತ್ತಿದ್ದರು. ಈಗ ಮನೆಯ ಪಕ್ಕ 11 ಅಡಿ ಅಗಲ, 18 ಅಡಿ ಉದ್ದದ ಕಾರ್ ಶೆಡ್ ಕಟ್ಟಿಸಬೇಕು. ಕಾರು ಒಳಗೆ ಬರಲು ಕಾಂಪೌಂಡನ್ನು 12 ಅಡಿ ಒಡೆದು ಗೇಟು ಇಡುತ್ತೇವೆ. ಗೋಡೆಯ ಇಟ್ಟಿಗೆ ಮಾಲೂರು ಕಡೆಯಿಂದ ಬರುತ್ತದಂತೆ, ಆದರೆ ದಪ್ಪ 75 ಮಿ.ಮೀ. (ನಮ್ಮ ಹಳೆಯದು 70). ದುಂಡು ಇಟ್ಟಿಗೆ ಮಾತ್ರ ಎಲ್ಲೂ ಇಲ್ಲ. ಅಂದು ಕೊಟ್ಟ ಕಾರ್ಖಾನೆ ಮುಚ್ಚಿದೆ, ಇನ್ನೊಂದರಲ್ಲಿ 5000ಕ್ಕೆ ಕಡಿಮೆ ಆದರೆ ಮಾಡುವುದಿಲ್ಲ ಎಂದರು. ಮೇಸ್ತ್ರಿ 200 ಬೇಕು ಅನ್ನುತ್ತಾರೆ, ಸಿಗದಿದ್ದರೆ ಮಾಮೂಲಿ ಇಟ್ಟಿಗೆಯನ್ನೇ ಗ್ರೈಂಡರಿನಲ್ಲಿ ಉಜ್ಜೋಣ ಎಂದು ಅವರ ಸಲಹೆ. ಮಗ ಇಟ್ಟಿಗೆಯೇ ಬೇಡ, ಮಣ್ಣಿನ ಬ್ಲಾಕ್ ಹಾಕೋಣ ಎನ್ನುತ್ತಾನೆ. ಏನು ಮಾಡಲಿ?

— ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು ಆ 200 ಎಲ್ಲಿಂದ ಬಂತು ನೋಡೋಣ. ಗೋಡೆ 7 ಅಡಿ ಎತ್ತರ ಅಂದುಕೊಳ್ಳಿ. 75 ಮಿ.ಮೀ. ಇಟ್ಟಿಗೆ, 10 ಮಿ.ಮೀ. ಗಾರೆ, ಒಂದು ವರಸೆಗೆ 85. ಏಳಡಿಗೆ 25 ವರಸೆ. ಶೆಡ್ಡಿನ ನಾಲ್ಕು ಮೂಲೆಗೆ 100, ಬಾಗಿಲ ಎರಡು ಬದಿಗೆ 50, ಎರಡು ಕಿಟಕಿಯ ತಳಕ್ಕೆ ಇಪ್ಪತ್ತು ಚಿಲ್ಲರೆ. ಒಡೆದು ಹೋಗುವುದಕ್ಕೆಂದು ಮೇಲೆ ಒಂದಿಷ್ಟು. ನಿಮ್ಮ ಮೇಸ್ತ್ರಿಯ ಲೆಕ್ಕ ತಪ್ಪಿಲ್ಲ. ಆದರೆ ಮೂಲೆ ಕಂಡಲ್ಲೆಲ್ಲ ದುಂಡು ಇಟ್ಟಿಗೆ ಬರೆದಿದ್ದಾರೆ.

ದುಂಡು ಇಟ್ಟಿಗೆ ಬರೀ ಚಂದಕ್ಕಲ್ಲ. ಸುಟ್ಟ ಇಟ್ಟಿಗೆಯ ಚೂಪು ಮೂಲೆಗೆ ಬಂಪರ್ ತಾಗಿದರೆ, ಗ್ಯಾಸ್ ಸಿಲಿಂಡರ್ ಉಜ್ಜಿದರೆ, ಚಕ್ಕೆ ಏಳುತ್ತದೆ. ದುಂಡಗಿದ್ದರೆ ಏಟು ಜಾರುತ್ತದೆ. ಶೆಡ್ಡಿನ ಹಿಂದಿನ ಮೂಲೆಗೆ ಯಾವ ಕಾರು ಹೋಗಿ ಗುದ್ದುತ್ತದೆ? ಕಿಟಕಿಯ ತಳಕ್ಕೆ ಬೇಕಾದದ್ದು ದುಂಡಲ್ಲ, ಮಳೆನೀರು ಹೊರಕ್ಕೆ ಹರಿಯುವ ಇಳಿಜಾರು. ಅಲ್ಲಿ ಒಂದು ಕಡಪ ಕಲ್ಲನ್ನು ಗೋಡೆಯಿಂದ ಎರಡು ಇಂಚು ಹೊರಗೆ ಚಾಚಿ ಕೂರಿಸಿ. ಅದರ ತಳಮೈಯಲ್ಲಿ, ಹೊರ ಅಂಚಿನ ಹತ್ತಿರ, ಉದ್ದಕ್ಕೂ ಬೆರಳಗಲದ ಕಾಲುವೆ ಕೊರೆಸಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಇಳಿಯುವುದಿಲ್ಲ. ಹೀಗೆ ಕಳೆಯುತ್ತಾ ಬಂದರೆ ಉಳಿಯುವುದು ಕಾರು ನುಗ್ಗುವ ಬಾಗಿಲ ಎರಡು ಬದಿ. 50 ಇಟ್ಟಿಗೆ.

ಆ 50 ನಿಮ್ಮ ಹತ್ತಿರವೇ ಇದೆ! 12 ಅಡಿ ಕಾಂಪೌಂಡು ಒಡೆಯುತ್ತೇವೆ ಎಂದು ನೀವೇ ಬರೆದಿದ್ದೀರಿ. ಅದರ ನೆತ್ತಿಯಲ್ಲಿ ಇಟ್ಟಿಗೆಗಳನ್ನು ಅಡ್ಡಡ್ಡ ನಿಲ್ಲಿಸಿ ಕಟ್ಟಿರುತ್ತಾರೆ. ಒಂದಕ್ಕೆ ಗಾರೆ ಸೇರಿ 80 ಮಿ.ಮೀ., ಹನ್ನೆರಡಡಿಗೆ ಸುಮಾರು 45. ನೆತ್ತಿಯ ಮೇಲೆ ಆಕಾಶ ನೋಡುತ್ತಿದ್ದ ಆ ದುಂಡು ಅಂಚು, ಇಟ್ಟಿಗೆಯನ್ನು ಮಲಗಿಸಿದರೆ ತಾನಾಗಿ ಗೋಡೆಯ ನೇರ ಮೂಲೆಯಾಗುತ್ತದೆ. ನಂಬಿಕೆ ಬರದಿದ್ದರೆ ಒಂದು ಸೋಪಿನ ಬಿಲ್ಲೆ ಹಿಡಿದು ತಿರುಗಿಸಿ ನೋಡಿ.

45 ಇದೆ, 50 ಬೇಕಲ್ಲ ಎನ್ನಬೇಡಿ. ಮೂಲೆಯಲ್ಲಿ ಸಂದಿನ ಮೇಲೆ ಸಂದು ಬರಬಾರದು. ಅದಕ್ಕೇ ಒಂದು ವರಸೆಗೆ ಇಡೀ ಇಟ್ಟಿಗೆ, ಅದರ ಮೇಲಿನದಕ್ಕೆ ಅರ್ಧ ಇಟ್ಟಿಗೆ ಎಂದು ಬದಲಾಯಿಸುತ್ತಾ ಹೋಗುತ್ತಾರೆ. ಅಂದರೆ 25 ಇಡಿ, 25 ಅರ್ಧ. ನಿಮ್ಮ ಇಟ್ಟಿಗೆಯ ಎರಡೂ ತುದಿ ದುಂಡು, ಹಾಗಾಗಿ ನಡುವೆ ಮುರಿದರೂ ಎರಡು ತುಂಡೂ ಕೆಲಸಕ್ಕೆ ಬರುತ್ತವೆ. 45ರಲ್ಲಿ 25 ಇಡಿಯಾಗಿ ಬಂದರೆ ಸಾಕು. ಉಳಿದ ಇಪ್ಪತ್ತರಲ್ಲಿ ಹದಿಮೂರು ನೆಟ್ಟಗೆ ಎರಡು ಹೋಳಾದರೆ ನಿಮ್ಮ ಬಾಗಿಲು ಮುಗಿಯಿತು, ಏಳು ಪುಡಿಯಾದರೂ ಚಿಂತೆಯಿಲ್ಲ.

ಕೀಳುವ ಕೆಲಸಕ್ಕೆ ಬ್ರೇಕರ್ ಮಷಿನ್ ಬೇಡ. ಕಾಂಪೌಂಡಿನ ಒಂದು ತುದಿಯಿಂದ ಶುರು ಮಾಡಿ, ಉಳಿಯನ್ನು ಗಾರೆಯ ಸಂದಿಗೇ ಇಟ್ಟು ಸಣ್ಣ ಸುತ್ತಿಗೆಯಲ್ಲಿ ತಟ್ಟಿಸಿ. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆಯಾಗಿದ್ದರೆ ಸಾಮಾನ್ಯವಾಗಿ ಬಿಡುತ್ತದೆ. ಗಟ್ಟಿ ಕಲಸಿದ್ದರೆ ಇಟ್ಟಿಗೆಯೇ ಮೊದಲು ಸೀಳುತ್ತದೆ. ಹಾಗಾಗಿ ಈ ವಾರವೇ ಐದು ಇಟ್ಟಿಗೆ ಎಬ್ಬಿಸಿ ಪರೀಕ್ಷೆ ಮಾಡಿ. ಮೇಲ್ಮೈಯ ಕಪ್ಪು ಪಾಚಿಗೆ ನೀರು, ಗಡುಸು ಬ್ರಷ್ ಸಾಕು. ಆಸಿಡ್ ಸುರಿಯಲು ಬಿಡಬೇಡಿ. ಇಷ್ಟೂ ವರ್ಷ ಬಿಸಿಲು ಮಳೆ ತಿಂದ ಇಟ್ಟಿಗೆ ಹೊಸದಕ್ಕಿಂತ ಮಂಕಾಗಿ ಕಾಣುತ್ತದೆ. ಬಾಗಿಲ ಸುತ್ತ ಅದು ಸೀರೆಯ ಅಂಚಿನ ಹಾಗೆ ಕೂರುತ್ತದೆ, ನನ್ನ ಕಣ್ಣಿಗಂತೂ ಚಂದ.

ಗ್ರೈಂಡರ್ ವಿಷಯ. ಇದರಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹಾಸನದಲ್ಲಿ ಒಂದು ಮನೆಯ ಪೋರ್ಟಿಕೋ ಕಂಬಕ್ಕೆ ದುಂಡು ಇಟ್ಟಿಗೆ ಸಿಗದೆ, ತೂತಿನ ವೈರ್‌ಕಟ್ ಇಟ್ಟಿಗೆಯನ್ನೇ ಉಜ್ಜಿಸಿದೆ. ಎರಡು ದಿನ ಓಣಿಯೆಲ್ಲ ಕೆಂಪು ಧೂಳು. ಮೂಲೆಯನ್ನು ಎರಡು ಇಂಚಿನಷ್ಟು ದುಂಡು ಮಾಡುವಷ್ಟರಲ್ಲಿ ಒಳಗಿನ ತೂತು ಬಾಯಿ ಬಿಟ್ಟಿತು. ಸಿಮೆಂಟಿಗೆ ರೆಡ್ ಆಕ್ಸೈಡ್ ಕಲಸಿ ಮೆತ್ತಿಸಿದೆ. ದೂರದಿಂದ ಗೊತ್ತಾಗುತ್ತಿರಲಿಲ್ಲ. ಒಂದು ಮಳೆಗಾಲ ಕಳೆದು ಹೋಗಿ ನೋಡಿದರೆ ಮೆತ್ತಿದ್ದು ಅಲ್ಲಲ್ಲಿ ಉದುರಿ, ತೂತುಗಳಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿತ್ತು. ಮನೆಯೊಡತಿ ಕಾಫಿ ಕೊಡುತ್ತಾ, “ಸಾರ್, ನಿಮ್ಮ ಕಂಬಕ್ಕೆ ಬಾಡಿಗೆಯವರು ಬಂದಿದ್ದಾರೆ” ಎಂದರು. ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ತೂತಿಲ್ಲದ ಇಟ್ಟಿಗೆಯಾದರೂ ಇದೇ ತೊಂದರೆಯ ಇನ್ನೊಂದು ರೂಪ: ಬೆಂಕಿಯಲ್ಲಿ ಬೆಂದು ಗಟ್ಟಿಯಾದ ಹೊರಚರ್ಮವನ್ನೇ ಉಜ್ಜಿ ತೆಗೆದಂತಾಗುತ್ತದೆ. ಒಳಮೈ ಬಣ್ಣವೂ ಬೇರೆ, ನೀರು ಕುಡಿಯುವುದೂ ಹೆಚ್ಚು.

ಇನ್ನು 70 ಮತ್ತು 75ರ ವಿಷಯ. ಐದು ಮಿ.ಮೀ. ಏನು ಮಹಾ ಎನಿಸುತ್ತದೆ. ಎಂಟು ವರಸೆ ಏರುವಷ್ಟರಲ್ಲಿ 40 ಮಿ.ಮೀ., ಅಂದರೆ ಅರ್ಧ ಇಟ್ಟಿಗೆ ದಪ್ಪದಷ್ಟು ಸಾಲು ತಪ್ಪಿರುತ್ತದೆ. ಹಳೆ ಗೋಡೆಗೆ ಹೊಸ ಗೋಡೆಯನ್ನು ಹಲ್ಲು ಕಚ್ಚಿಸಿ, ಅಂದರೆ ಇಟ್ಟಿಗೆಗಳನ್ನು ಒಂದರೊಳಗೊಂದು ಸೇರಿಸಿ, ಕಟ್ಟಲು ಹೋದರೆ ಇದು ಕಣ್ಣಿಗೆ ಹೊಡೆಯುತ್ತದೆ. ಹಲ್ಲು ಕಚ್ಚಿಸುವುದೇ ಬೇಡ. ಹಳೆ ಪಾಯ ಕೂತು ಎಷ್ಟೋ ವರ್ಷವಾಯಿತು, ಹೊಸ ಪಾಯ ಇನ್ನು ಕೂರಬೇಕು. ಎರಡನ್ನೂ ಹಿಡಿದು ಕಟ್ಟಿದರೆ ಸೇರುವಲ್ಲಿ ಬಿರುಕು ಖಂಡಿತ. ನಡುವೆ ಅರ್ಧ ಇಂಚು ಬಿಡಿಸಿ, ಆಮೇಲೆ ಸೀಲೆಂಟ್ ತುಂಬಿಸಿ. ನಿಮ್ಮ 70ರ ದುಂಡು ಇಟ್ಟಿಗೆಯನ್ನು ಹೊಸ ಗೋಡೆಯ ಜೊತೆ ಕೂರಿಸುವಾಗ ಮಾತ್ರ ಅದರ ಕೆಳಗಿನ ಗಾರೆ 15 ಮಿ.ಮೀ. ಬರುತ್ತದೆ. ಪಾಯಿಂಟಿಂಗ್ ಮಾಡುವವರಿಗೆ (ಸಂದಿಗೆ ಗಾರೆ ತುಂಬಿ ನಯ ಮಾಡುವವರಿಗೆ) ಮೊದಲೇ ಹೇಳಿ, ಇಲ್ಲದಿದ್ದರೆ ಒಳ್ಳೆಯ ಕೆಲಸಗಾರ ಅದನ್ನು ತಪ್ಪೆಂದು ತಿದ್ದಲು ಹೋಗುತ್ತಾನೆ.

ಮಾಲೂರಿನ ಲೋಡು ಇಳಿಸುವ ಮುಂಚೆ ನಾಲ್ಕು ಇಟ್ಟಿಗೆ ತರಿಸಿ. ಒಣಗಿದ್ದನ್ನು ತೂಗಿ, ಒಂದು ಹಗಲು ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಮಾಮೂಲಿ ಇಟ್ಟಿಗೆ ನೀರು ಕುಡಿಯುವುದಕ್ಕೆ ಭಾರತೀಯ ಮಾನಕ ಐ.ಎಸ್. 1077 ಹೇಳುವ ಮಿತಿ ತೂಕದ 20 ಶೇಕಡಾ, ಮೂರು ಕಿಲೋದ್ದು 3.6 ದಾಟಬಾರದು. ಗಿಲಾವಿಲ್ಲದ ಗೋಡೆಗೆ ಅದಕ್ಕಿಂತ ಸಾಕಷ್ಟು ಕಡಿಮೆ ಇದ್ದರೇ ನಾನು ಒಪ್ಪುವುದು. ಆಮೇಲೆ ಬಿಸಿಲಿಗಿಟ್ಟು ನೋಡಿ. ಮೈಮೇಲೆ ಬಿಳಿ ಉಪ್ಪು ದಟ್ಟವಾಗಿ ಎದ್ದರೆ ಆ ಲೋಡು ವಾಪಸ್ ಕಳಿಸಿ.

ಮಗನ ಮಾತು ತಳ್ಳಿಹಾಕುವಂಥದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗಾಗಿ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರದವರು ಮರ್ದಿನಿ ಎಂಬ ಕೈಯಂತ್ರ ಮಾಡಿದ್ದರು. ಮಣ್ಣಿಗೆ ಶೇಕಡಾ ಐದರಿಂದ ಎಂಟು ಸಿಮೆಂಟ್ ಬೆರೆಸಿ ಒತ್ತಿದರೆ ಬ್ಲಾಕ್, ಸುಡುವುದೇ ಬೇಡ. ಮೂರು ನಾಲ್ಕು ವಾರ ನೀರು ಹಾಕಿ ಕಾಯಬೇಕು, ಮಣ್ಣು ಮೊದಲು ಪರೀಕ್ಷೆ ಆಗಬೇಕು, ಸೂರು ಚೆನ್ನಾಗಿ ಮುಂದೆ ಚಾಚಿರಬೇಕು. ಖಾಲಿ ಸೈಟಿನಲ್ಲಿ ಹೊಸದಾಗಿ ಕಟ್ಟುವುದಾದರೆ ನಾನೇ ಅದನ್ನು ಹೇಳುತ್ತಿದ್ದೆ. ನಿಮ್ಮ ವೈರ್‌ಕಟ್ ಮನೆಯ ಮಗ್ಗುಲಲ್ಲಿ ಅದು ಪಕ್ಕದ ಮನೆಯವರ ಶೆಡ್ಡಿನಂತೆ ಕಾಣುತ್ತದೆ.

ಐದು ಇಟ್ಟಿಗೆ ಎಬ್ಬಿಸುವ ಪರೀಕ್ಷೆಯಲ್ಲಿ ಐದೂ ಸೀಳಿದವು ಅನ್ನಿ. ಆಗ ಬಾಗಿಲ ಎರಡು ಬದಿಗೆ ಆರಿಂಚು ಚೌಕದ ಕಲ್ಲು ಕಂಬ, ಅಂಚು ಕೊಂಚ ಸವರಿಸಿ, ನಿಲ್ಲಿಸಿಬಿಡಿ. ಬಂಪರ್ ತಾಗಿದರೆ ನಷ್ಟ ಬಂಪರಿಗೇ! ಇಟ್ಟಿಗೆಯೇ ಬೇಕೆಂಬ ಹಟವಿದ್ದರೆ ಬಡಗಿಯಿಂದ ಮರದ ಅಚ್ಚು ಮಾಡಿಸಿ ನಾಟಿ ಇಟ್ಟಿಗೆ ಗೂಡಿನವರನ್ನು ಹಿಡಿಯಿರಿ. ಎಪ್ಪತ್ತು ಇಟ್ಟಿಗೆಯಾದರೂ ಅವರ ಗೂಡಿನ ಮೂಲೆಯಲ್ಲಿ ಬೆಂದುಕೊಳ್ಳುತ್ತವೆ. ಹಸಿ ಮಣ್ಣು ಒಣಗಿ ಬೇಯುವಷ್ಟರಲ್ಲಿ ಹತ್ತಕ್ಕೆ ಒಂದು ಪಾಲು ಕುಗ್ಗುವುದುಂಟು, ಆದ್ದರಿಂದ 230 ಮಿ.ಮೀ. ಇಟ್ಟಿಗೆಗೆ ಅಚ್ಚು 255 ಇರಲಿ. ಮೊದಲು ನಾಲ್ಕೇ ನಾಲ್ಕು ಸುಡಿಸಿ ಅಳೆದು, ಅಚ್ಚು ತಿದ್ದಿಸಿ, ಆಮೇಲೆ ಉಳಿದದ್ದು. ಕೈಯಲ್ಲಿ ಬಡಿದ ಇಟ್ಟಿಗೆಯ ಮೈ ವೈರ್‌ಕಟ್ಟಿನಷ್ಟು ನುಣುಪಿರುವುದಿಲ್ಲ.

ಒಂದು ಮಾತು ಮರೆತಿದ್ದೆ. ಕಾಂಪೌಂಡು ಒಡೆಯುವ ಗುತ್ತಿಗೆಯನ್ನು ಜೆಸಿಬಿಯವನಿಗೆ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ನಿಲ್ಲಿಸಿ.