ಗುಂಡಮ್ಮ ಅಲ್ಲ ಅಜ್ಜಿ, ಗಂಡಮ್!

ಪ್ರಶ್ನೆ: ಸರ್, ನಾನು ಇಲ್ಲೇ ಇಂಜಿನಿಯರಿಂಗ್ ಓದ್ತಿದೀನಿ. ರೂಮ್‌ಮೇಟ್ ಒಬ್ಬ ಗಂಡಮ್ ನೋಡು ಗಂಡಮ್ ನೋಡು ಅಂತ ತಲೆ ತಿಂತಾನೆ. ಜಪಾನಿನ ರೋಬೋ ಅನಿಮೇಶನ್ ಅಂತೆ. ಸರಿ ಅಂತ ಹುಡುಕಿದ್ರೆ 1979ರಿಂದ ಇಲ್ಲಿತನಕ ಸೀರೀಸು, ಸಿನಿಮಾ ಲೆಕ್ಕಕ್ಕೇ ಸಿಗ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ? 2025ರದ್ದೇ ನೋಡ್ಬಿಡ್ಲಾ? ಫೋನಲ್ಲಿ ಹೆಸ್ರು ಕೇಳಿಸ್ಕೊಂಡ ನಮ್ಮಜ್ಜಿ, ಯಾರೋ ಅವ್ಳು ಗುಂಡಮ್ಮ ಅಂತ ವಿಚಾರಿಸ್ತಿದಾರೆ.
- ಓದುಗ, ವಿದ್ಯಾನಗರ, ದಾವಣಗೆರೆ

ಉತ್ತರ: ಮೊದ್ಲು ಅಜ್ಜಿಗೆ ಸಮಾಧಾನ ಹೇಳಪ್ಪ, ಅದು ಹದಿನೆಂಟು ಮೀಟರ್ ಎತ್ತರದ ರೋಬೋ, ಸೊಸೆಯಾಗಿ ಬರಲ್ಲ ಅಂತ.

ಎಲ್ಲಾ ನೋಡ್ಲೇಬೇಕು ಅಂತ ಯಾರಾದ್ರೂ ಅಂದ್ರೆ ನಂಬಬೇಡ. ಇದು ಒಂದೇ ಕಥೆ ಅಲ್ಲ. 1979ರ ಮೂಲ ಸೀರೀಸು, ಜೀಟಾ, ಡಬಲ್ ಜೀಟಾ, ಯೂನಿಕಾರ್ನ್ ಇವೆಲ್ಲ ಯೂನಿವರ್ಸಲ್ ಸೆಂಚುರಿ ಅನ್ನೋ ಒಂದೇ ಬಳ್ಳಿಯ ಕಾಯಿ. ವಿಂಗ್, ಸೀಡ್, ಐರನ್ ಬ್ಲಡೆಡ್ ಆರ್ಫನ್ಸ್, ವಿಚ್ ಫ್ರಮ್ ಮರ್ಕ್ಯುರಿ ಇವು ಬೇರೆ ಬೇರೆ ಮನೆ, ಯಾವ್ದಕ್ಕಾದ್ರೂ ಸೀದಾ ಒಳಗೆ ಹೋಗ್ಬೋದು.

ಆದ್ರೂ ನನ್ನ ಕೇಳಿದ್ರೆ 1979ರದ್ದೇ. ಟೀವಿಯ 43 ಎಪಿಸೋಡ್ ಅಲ್ಲ ಮತ್ತೆ, ಅದನ್ನೇ ಕತ್ತರಿಸಿ ಜೋಡಿಸಿ 1981, 82ರಲ್ಲಿ ಮೂರು ಸಿನಿಮಾ ಮಾಡಿದಾರೆ, ಅದು ಸಾಕು. ತಮಾಷೆ ಏನಂದ್ರೆ ಆಗ ರೇಟಿಂಗ್ ಇಲ್ದೆ, 52 ಎಪಿಸೋಡ್ ಅಂದ್ಕೊಂಡಿದ್ದನ್ನ 43ಕ್ಕೇ ಮುಗಿಸಿದ್ರು, ಆಮೇಲೆ ಮರುಪ್ರಸಾರ ಆಗಿ, ಪ್ಲಾಸ್ಟಿಕ್ ಮಾಡೆಲ್ ಕಿಟ್ ಬಂದು ಜನ ಮುಗಿಬಿದ್ರು. ಚಿತ್ರ ಹಳೇದು, ಮೊದಲ ಹತ್ತು ನಿಮಿಷ ಕಣ್ಣಿಗೆ ಒಗ್ಗಲ್ಲ, ತಡ್ಕೋ. ಶುರುನಲ್ಲೇ ಅಮುರೋ ಅನ್ನೋ ಹುಡ್ಗ ಊಟ ಮರ್ತು ಮಷೀನ್ ಬಿಚ್ಕೊಂಡು ಕೂತಿರ್ತಾನೆ (ನಿಮ್ಮ ಹಾಸ್ಟೆಲಲ್ಲೂ ಇಂಥೋರು ಇರ್ತಾರೆ), ಅವನ ಊರು ಅಂದ್ರೆ ಅಂತರಿಕ್ಷದಲ್ಲಿ ತೇಲೋ ಸ್ಪೇಸ್ ಕಾಲೋನಿ, ಅದರ ಮೇಲೆ ದಾಳಿ ಆದಾಗ ಗಂಡಮ್ ಒಳಗೆ ಹತ್ತಿ ಮ್ಯಾನ್ಯುಯಲ್ ಓದ್ಕೊಂಡೇ ಸ್ಟಾರ್ಟ್ ಮಾಡ್ತಾನೆ. ಮೊದಲನೇ ಶತ್ರು ರೋಬೋನ ಕಡಿದ್ರೆ ಅದು ಸಿಡಿದು ಆ ಕಾಲೋನಿಯ ಗೋಡೆನೇ ತೂತಾಗುತ್ತೆ, ಆ ತೂತಲ್ಲಿ ಹೊರಗೆ ಹಾರಿಹೋಗೋದು ಅವನ ಸ್ವಂತ ಅಪ್ಪ. ಎರಡನೇದನ್ನ ಸಿಡೀದಂಗೆ, ಪೈಲಟ್ ಕೂತ್ಕೊಳ್ಳೋ ಜಾಗನೇ ನೋಡಿ ಚುಚ್ತಾನೆ. ಗೆದ್ದ ಖುಷಿ ಬರಲ್ಲ ನೋಡು ಅಲ್ಲಿ, ಹೊಟ್ಟೆಯಲ್ಲಿ ಏನೋ ಆಗುತ್ತೆ, ಉಳಿದಿದ್ದೆಲ್ಲ ಬೆಳೆದಿದ್ದು ಅದ್ರ ಮೇಲೆ.

2025ರ ಜೀಕ್ವಾಕ್ಸ್ ಆಮೇಲೆ. ಅದು ಮೂಲ ಕಥೆಲಿ ಸೋತ ಜಿಯಾನ್ ಕಡೆಯವ್ರೇ ಗೆದ್ದಿದ್ರೆ ಏನಾಗ್ತಿತ್ತು ಅನ್ನೋ ಕಥೆ, ಮೂಲ ಗೊತ್ತಿಲ್ದೆ ನೋಡಿದ್ರೆ ಬೇರೆಯವ್ರ ಮನೆ ಮದ್ವೆಲಿ ಊಟಕ್ಕೆ ಕೂತಂಗೆ.

ಪ್ರಶ್ನೆ: ನಮ್ಮ ಅಪ್ಪ ಇದನ್ನೆಲ್ಲ ಕಾರ್ಟೂನು, ಟೈಮ್ ವೇಸ್ಟು ಅಂತಾರೆ. ಅವ್ರಿಗೆ ಏನ್ ತೋರಿಸ್ಲಿ?
- ಓದುಗಿ, ಚಿತ್ರದುರ್ಗ

ಉತ್ತರ: ನಿಮ್ಮೂರ ಕೋಟೆಗೆ ಏಳು ಸುತ್ತು ಇದ್ರೂ ಓಬವ್ವನ ಕಿಂಡಿ ಒಂದಿದೆ ಅಲ್ವಾಮ್ಮ, ಹಂಗೆ ಇದಕ್ಕೂ ಒಂದು ಕಿಂಡಿ ಇದೆ. ಗಂಡಮ್‌ದೇ ವಾರ್ ಇನ್ ದ ಪಾಕೆಟ್, 1989, ಆರೇ ಎಪಿಸೋಡು, ಒಂದು ಕನ್ನಡ ಸಿನಿಮಾದಷ್ಟು ಟೈಮು. ಯುದ್ಧ ಅಂದ್ರೆ ಆಟ ಅಂದ್ಕೊಂಡಿರೋ ಸ್ಕೂಲ್ ಹುಡ್ಗ, ಅವನ ಊರಲ್ಲಿ ಮರೆಯಾಗಿರೋ ಶತ್ರು ಪೈಲಟ್ ಒಬ್ಬ, ಇಬ್ರ ಸ್ನೇಹ. ರೋಬೋ ಹೊಡೆದಾಟ ಕಮ್ಮಿನೇ. ಮುಂದೆ ಹೇಳಲ್ಲ. ಕೊನೇ ಎಪಿಸೋಡ್ ಟೈಮಲ್ಲಿ ಅಪ್ಪ ಕಾಫಿ ತರ್ತೀನಿ ಅಂತ ಎದ್ದು ಅಡುಗೆಮನೆಗೆ ಹೋದ್ರೆ ಹಿಂದೆ ಹೋಗಬೇಡ.

ಪ್ರಶ್ನೆ: ಗಂಡಮ್ ಮಾಡೆಲ್ ಕಿಟ್ ಡಬ್ಬಿ ಮೇಲೆ 1/144 ಅಂತ ಇರುತ್ತಲ್ಲ, ಏನದು? ಅಂಟು ಬೇಕಾ?
- ಹೈಸ್ಕೂಲ್ ಓದುಗ, ಹರಿಹರ

ಉತ್ತರ: ಹದಿನೆಂಟು ಮೀಟರನ್ನ 144ರಿಂದ ಭಾಗಿಸು, ಹನ್ನೆರಡೂವರೆ ಸೆಂಟಿಮೀಟರ್ ಬಂತಾ, ಅಷ್ಟೇ ಎತ್ತರ. ಈಗಿನ ಕಿಟ್‌ಗಳಿಗೆ ಅಂಟು ಬೇಡ, ಒತ್ತಿದ್ರೆ ಟಕ್ ಅಂತ ಕೂರ್ತವೆ. ದಾವಣಗೆರೆಗೆ ಬಂದು ಬೆಣ್ಣೆದೋಸೆ ತಿಂದ ಕೈಯಲ್ಲಿ ಮಾತ್ರ ಸ್ಟಿಕರ್ ಮುಟ್ಟಬೇಡ, ನನ್ನ ಒಂದು ಕಿಟ್ ಹಂಗೇ ಹೋಯ್ತು.