ಬಂಗುಡೆಯಲ್ಲ, ಐಸ್ ಹಾಕಿ ಕಳಿಸಲು

ಪ್ರಶ್ನೆ: ನಮ್ಮ ಯಜಮಾನರಿಗೆ 58 ವರ್ಷ, ಮಲ್ಪೆಯಲ್ಲಿ ಬೋಟಿನ ಕೆಲಸ. ಹೆಪಟೈಟಿಸ್ ಬಿಯಿಂದ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವುದು) ಆಗಿದೆ. ಆರು ತಿಂಗಳಿಗೊಮ್ಮೆ ಮಾಡಿಸುವ ಅಲ್ಟ್ರಾಸೌಂಡ್‌ನಲ್ಲಿ ಈ ಸಲ ಲಿವರ್‌ನಲ್ಲಿ 1.6 ಸೆಂಟಿಮೀಟರ್ ಗಂಟು ಕಂಡಿದೆ. ಡಾಕ್ಟರ್ ಕಾಂಟ್ರಾಸ್ಟ್ ಎಂಆರ್‌ಐ ಬರೆದಿದ್ದಾರೆ. ದುಬೈಯಲ್ಲಿರುವ ಮಗ ‘ಮೆಟಬಾಲಿಕ್ ಎಂಆರ್‌ಐ ಅಂತ ಹೊಸತು ಬಂದಿದೆ, ಅದನ್ನೇ ಮಾಡಿಸುವ, ಸ್ವಲ್ಪ ಕಾಯಿರಿ’ ಎನ್ನುತ್ತಾನೆ. ಕಾಯಬಹುದಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ಬೇಡ ಅಮ್ಮ, ಕಾಯಬೇಡಿ. ಸಿರೋಸಿಸ್ ಇರುವಾಗ ಇಂಥ ಗಂಟು ಲಿವರ್ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ನೋಡಲೇಬೇಕು. ಡಾಕ್ಟರ್ ಬರೆದದ್ದನ್ನು ಈ ವಾರವೇ ಮಾಡಿಸಿ.

ಮಗ ಹೇಳಿದ್ದೇನೂ ಸುಳ್ಳಲ್ಲ. ನಮ್ಮ ಸೆಖೆಗೆ ದೋಸೆ ಹಿಟ್ಟು ಬೆಳಗಾಗುವುದರೊಳಗೆ ಹುಳಿ ಬಂದು ಪಾತ್ರೆಯಿಂದ ಉಕ್ಕುತ್ತದೆ ಅಲ್ವಾ? ಆ ಹುಳಿಯಲ್ಲಿ ಇರುವುದು ಲ್ಯಾಕ್ಟಿಕ್ ಆಸಿಡ್. ಕ್ಯಾನ್ಸರ್ ಕೋಶಗಳಿಗೂ ಅದೇ ಚಾಳಿ. ಬೇಕಾದಷ್ಟು ಆಮ್ಲಜನಕ ಇದ್ದರೂ ಸಕ್ಕರೆಯನ್ನು ಲ್ಯಾಕ್ಟೇಟ್ (ಅದೇ ಲ್ಯಾಕ್ಟಿಕ್ ಆಸಿಡ್‌ನ ಇನ್ನೊಂದು ರೂಪ) ಮಾಡಿ ಬಿಡುತ್ತವೆ. ಜರ್ಮನಿಯ ಆಟೋ ವಾರ್ಬರ್ಗ್ 1920ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಹೊಸ ಸ್ಕ್ಯಾನ್‌ನಲ್ಲಿ ಪೈರುವೇಟ್ ಎಂಬ ವಸ್ತುವಿನ ಸಿಗ್ನಲನ್ನು 10,000 ಪಟ್ಟಿಗೂ ಮೇಲೆ ಏರಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಅದು ಎಲ್ಲಿ ಜಾಸ್ತಿ ಲ್ಯಾಕ್ಟೇಟ್ ಆಗುತ್ತದೋ ಆ ಜಾಗ ಚಿತ್ರದಲ್ಲಿ ಎದ್ದು ಕಾಣುತ್ತದೆ. ಆದರೆ ಎರಡು ಮೂರು ನಿಮಿಷದಲ್ಲಿ ಸಿಗ್ನಲ್ ಆರಿಹೋಗುತ್ತದೆ. ಬಂಗುಡೆಯಾದರೆ ಐಸ್ ಹಾಕಿ ಲಾರಿಯಲ್ಲಿ ಕಳಿಸಬಹುದು, ಇದನ್ನು ಸ್ಕ್ಯಾನರ್ ಪಕ್ಕದಲ್ಲೇ ತಯಾರಿಸಬೇಕು. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರ ಮೇಲೆ ಮಾಡಿದ ಮೊದಲ ಪ್ರಯೋಗದ ವರದಿ ಬಂದದ್ದು 2013ರಲ್ಲಿ. ಲಿವರ್ ವಿಷಯದಲ್ಲಿ ಇದು ಇನ್ನೂ ಸಂಶೋಧನೆಯ ಕೋಣೆ ದಾಟಿಲ್ಲ.

ನಿಮಗೆ ಬರೆದ ಎಂಆರ್‌ಐ ಸಾಧಾರಣದ್ದಲ್ಲ. ಲಿವರ್‌ಗೆ ಹೆಚ್ಚಿನ ರಕ್ತ ಕರುಳಿನ ಕಡೆಯ ಪೋರ್ಟಲ್ ನಾಳದಿಂದ ಬರುತ್ತದೆ, ಲಿವರ್ ಕ್ಯಾನ್ಸರ್ ಗಂಟಿಗೆ ಮಾತ್ರ ಅಪಧಮನಿಯಿಂದ. ಹಾಗಾಗಿ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧ) ಹೋದ ಕೂಡಲೇ ಗಂಟು ಬೆಳಗುತ್ತದೆ, ಆಮೇಲೆ ಸುತ್ತಲಿನ ಲಿವರ್‌ಗಿಂತ ಮೊದಲೇ ಮಂಕಾಗುತ್ತದೆ. ಸಿರೋಸಿಸ್ ಇರುವವರಲ್ಲಿ ಈ ಲಕ್ಷಣ ಸರಿಯಾಗಿ ಕಂಡರೆ ಎಷ್ಟೋ ಸಲ ಬಯಾಪ್ಸಿಯೇ ಬೇಕಾಗುವುದಿಲ್ಲ. ಕ್ಯಾನ್ಸರ್ ಅಲ್ಲ ಎಂದು ಗೊತ್ತಾದರೆ ನೀವೂ ನಿದ್ದೆ ಮಾಡಬಹುದು.

ದಿನಾ ಸ್ಕ್ಯಾನ್ ಓದುವ ನನಗೆ ತಲೆನೋವು ಯಂತ್ರದ್ದಲ್ಲ, ಉಸಿರಿನದ್ದು. ಒಂದೊಂದು ಸಲ 15–20 ಸೆಕೆಂಡು ಉಸಿರು ಬಿಗಿಹಿಡಿಯಬೇಕು. ನಡುವೆ ಬಿಟ್ಟರೆ ಚಿತ್ರ ಕದಡಿ ಹೋಗುತ್ತದೆ. ಯಜಮಾನರು ಜಗಲಿಯಲ್ಲಿ ಕೂತು ಅಭ್ಯಾಸ ಮಾಡಲಿ, ನೀವು ಗಡಿಯಾರ ನೋಡಿ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ. ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆಯ) ರಿಪೋರ್ಟು, ಹಳೆಯ ಅಲ್ಟ್ರಾಸೌಂಡ್ ರಿಪೋರ್ಟುಗಳು ಎಲ್ಲ ಒಂದೇ ಚೀಲದಲ್ಲಿ ತನ್ನಿ.