ಒಂದು ದಿನದ ಕಾರು ಪ್ರಯಾಣ: ಎಲ್ಲಿ ಇಳಿಯಬೇಕು, ಯಾವಾಗ ಉಣ್ಣಬೇಕು?

ಪ್ರಶ್ನೆ: ಹೋಗಿಬರಲು 5 ಗಂಟೆ ಸಾಕು ಎಂದು ಫೋನಿನ ನಕ್ಷೆ ತೋರಿಸಿತ್ತು. ಬೆಳಿಗ್ಗೆ 8ಕ್ಕೆ ಹೊರಟು 7 ಜಾಗ ನೋಡುವ ಲೆಕ್ಕ ಹಾಕಿದ್ದೆವು. ನಾಲ್ಕು ಮುಗಿಯುವಷ್ಟರಲ್ಲಿ ಕತ್ತಲಾಯಿತು. ಎಲ್ಲಿ ತಪ್ಪಿದೆವು?

ಉತ್ತರ: ನಕ್ಷೆ ಹೇಳುವುದು ಗಾಡಿ ಓಡುವ ಹೊತ್ತನ್ನು ಮಾತ್ರ. ‘ಹತ್ತೇ ನಿಮಿಷ’ ಎಂದು ನಿಲ್ಲಿಸಿದರೂ ಗಾಡಿಗೆ ಜಾಗ ಹುಡುಕಿ, ಎಲ್ಲರೂ ಇಳಿದು, ಫೋಟೊ ತೆಗೆದು, ಮತ್ತೆ ಹತ್ತಿ ಕೂರುವಷ್ಟರಲ್ಲಿ 25 ನಿಮಿಷ ಹೋಗಿರುತ್ತದೆ. ಏಳು ಜಾಗಕ್ಕೆ ಸುಮಾರು 3 ಗಂಟೆ. ಊಟಕ್ಕೆ ಒಂದೂಕಾಲು ಗಂಟೆ. ತಿರುವಿನ ರಸ್ತೆಯಲ್ಲಿ ಒಂದು ಲಾರಿ ಮುಂದೆ ಸಿಕ್ಕರೂ ನಿಧಾನವಾಗುವುದರಿಂದ ನಕ್ಷೆಯ ಸಮಯಕ್ಕೆ ಕಾಲು ಭಾಗ ಸೇರಿಸಲೇಬೇಕು. 5 ಗಂಟೆ ಆರೂಕಾಲಾಗುತ್ತದೆ. ಒಟ್ಟು ಹತ್ತೂವರೆ ಗಂಟೆ, ಅಂದರೆ ಸಂಜೆ ಆರೂವರೆ. ಇದರಲ್ಲಿ ಎಲ್ಲೂ ನಡೆದಾಡಿದ ಲೆಕ್ಕವಿಲ್ಲ. ಎರಡು ಕಡೆ ಒಂದೊಂದು ಕಿಲೋಮೀಟರ್ ಏರಿ ಇಳಿದಿದ್ದರೂ ಕತ್ತಲಾದದ್ದು ಸಹಜವೇ.

ಮುಂದಿನ ಸಲ ಎರಡು ದೊಡ್ಡ ನಿಲುಗಡೆ, ಎರಡು ಸಣ್ಣವು ಇಟ್ಟುಕೊಳ್ಳಿ. ದೊಡ್ಡದಕ್ಕೆ ಒಂದರಿಂದ ಒಂದೂವರೆ ಗಂಟೆ ಕೊಡಿ. ಹೆಸರು ನೋಡಿ ಆರಿಸಬೇಡಿ, ಬಗೆ ನೋಡಿ ಆರಿಸಿ: ಒಂದು ಎತ್ತರದ ನೋಟ, ಒಂದು ನೀರಿನ ಜಾಗ, ಒಂದು ನೆರಳಿನ ನಡಿಗೆ. ಒಂದೇ ಕಣಿವೆಯನ್ನು ಮೂರು ಕಡೆಯಿಂದ ತೋರಿಸುವ ಮೂರು ಜಾಗಗಳಿದ್ದರೆ ಒಂದನ್ನು ಉಳಿಸಿಕೊಂಡರೆ ಸಾಕು. ಕೈಬಿಡಬಹುದಾದ ಜಾಗ ಯಾವುದು, ಎಷ್ಟು ಗಂಟೆ ದಾಟಿದರೆ ಬಿಡಬೇಕು ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ. ದಾರಿಯಲ್ಲಿ ಯಾರಿಗೂ ಬಿಡಲು ಮನಸ್ಸು ಬರುವುದಿಲ್ಲ. ಚಾಲಕರಿಗೆ 2 ಗಂಟೆಗೊಮ್ಮೆ 15 ನಿಮಿಷ ಬಿಡುವು ಬೇಕು. ಸಣ್ಣ ನಿಲುಗಡೆಗಳನ್ನು ಆ ಅಂತರಕ್ಕೇ ಹೊಂದಿಸಿ.

ಪ್ರಶ್ನೆ: ವರ್ತುಲದಂಥ ದಾರಿಯಲ್ಲಿ ಯಾವ ಕಡೆಯಿಂದ ಶುರು ಮಾಡಿದರೆ ಒಳ್ಳೆಯದು?

ಉತ್ತರ: ಮೊದಲು ಬಿಸಿಲು ನೋಡಿ. ಬೆಳಿಗ್ಗೆ ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ ಓಡಿಸುವಂತಿದ್ದರೆ ಎರಡೂ ಹೊತ್ತು ಸೂರ್ಯ ಬೆನ್ನಿಗಿರುತ್ತಾನೆ. ಕಣ್ಣು ಕುಕ್ಕುವುದಿಲ್ಲ, ಎದುರಿನ ಬೆಟ್ಟವೂ ಬೆಳಗಿರುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು, ಜಲಪಾತಗಳನ್ನು ಬೆಳಿಗ್ಗೆ ನೋಡಿ, ಪಶ್ಚಿಮದವನ್ನು ಮಧ್ಯಾಹ್ನದ ನಂತರ. ಜಲಪಾತದ ತುಂತುರಿನಲ್ಲಿ ಕಾಮನಬಿಲ್ಲು ಬೇಕಿದ್ದರೂ ಸೂರ್ಯ ಬೆನ್ನ ಹಿಂದೆ ತಗ್ಗಿನಲ್ಲಿರಬೇಕು. ಕಣಿವೆಯಲ್ಲಿ ಮಂಜು ಕವಿಯುವ ಕಾಲವಾದರೆ ಎತ್ತರದ ಜಾಗವನ್ನು ಮೊದಲಿಗೆ ಇಡಬೇಡಿ, ಬಿಸಿಲೇರಿ ಮಂಜು ಕರಗಲಿ.

ಎರಡನೆಯದು, ನೋಟ ನಿಮ್ಮ ಪಥದ ಬದಿಗೇ ಬರಲಿ. ಎದುರು ಬರುವ ಗಾಡಿಗಳನ್ನು ಅಡ್ಡ ದಾಟಿ ತಿರುವಿನಲ್ಲಿ ನಿಲ್ಲಿಸುವುದು ಅಪಾಯ. ಅಂಕುಡೊಂಕಿನ ರಸ್ತೆ ಹೋಗುವಾಗ ಇರಲಿ, ನೇರ ರಸ್ತೆ ವಾಪಸಾತಿಗೆ ಇರಲಿ. ಸಂಜೆ ದಣಿದ ಕಣ್ಣಿಗೆ ತಿರುವು ಕಷ್ಟ. ಎಷ್ಟು ಬೆಳಕು ಉಳಿದಿದೆ ಎಂದು ತಿಳಿಯಲು ಕೈ ಚಾಚಿ, ಬೆರಳುಗಳನ್ನು ಅಡ್ಡಲಾಗಿ ಹಿಡಿದು ಸೂರ್ಯನ ಕೆಳಗಿನಿಂದ ದಿಗಂತದವರೆಗೆ ಅಳೆಯಿರಿ. ಒಂದು ಬೆರಳಿಗೆ ಹೆಚ್ಚುಕಡಿಮೆ 15 ನಿಮಿಷ. ಬೆಟ್ಟಗಳ ನಡುವೆ ಇದ್ದರೆ ಬೆಟ್ಟದ ನೆತ್ತಿಯವರೆಗೆ ಅಳೆಯಿರಿ, ನೆರಳು ಬೀಳುವುದು ಆಗಲೇ.

ಪ್ರಶ್ನೆ: ಹೋಟೆಲ್ ಊಟವೋ, ಬುತ್ತಿಯೋ? ಊಟವಾದ ಮೇಲೆ ಓಡಿಸುವಾಗ ವಿಪರೀತ ತೂಕಡಿಕೆ.

ಉತ್ತರ: ಎರಡೂ ಆಗಬಹುದು, ಹೊತ್ತು ಮುಖ್ಯ. ಹೋಟೆಲಾದರೆ 12ಕ್ಕೆ ಮುಂಚೆ ಕೂತುಬಿಡಿ, ಗದ್ದಲ ತಪ್ಪುತ್ತದೆ. ಮೂರು ಗಂಟೆಗೆ ಹೋದರೆ ಅಡುಗೆಮನೆಯೇ ಮುಚ್ಚಿರಬಹುದು. ವಾರದ ರಜೆ ಯಾವತ್ತು ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

ಬುತ್ತಿ ಕೆಡುವುದು ಉಗುರುಬೆಚ್ಚಗಿದ್ದಾಗ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಬೇಯಿಸಿದ ಪದಾರ್ಥ, ಹಾಲು, ಮೊಟ್ಟೆ, ಮಾಂಸ ಹೊರಗೆ 2 ಗಂಟೆ ಇರಬಹುದು. 32 ಡಿಗ್ರಿ ದಾಟಿದ ಬಿಸಿಲಿನಲ್ಲಿ ಒಂದೇ ಗಂಟೆ. ಬಿಸಿ ಅನ್ನವನ್ನು ಒತ್ತಿ ತುಂಬಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ; ಬೇಯಿಸಿದರೂ ಸಾಯದ ಬೀಜಾಣುಗಳು ಅಲ್ಲಿ ಚಿಗುರುತ್ತವೆ. ಅಗಲ ತಟ್ಟೆಯಲ್ಲಿ ಬೇಗ ಆರಿಸಿ, ಫ್ರಿಜ್‌ನಲ್ಲಿ ತಣಿಸಿ, ಆಮೇಲೆ ಐಸ್ ಬಾಕ್ಸ್‌ಗೆ ಹಾಕಿ. ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿ ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಡಿ (ಹೆಪ್ಪುಗಟ್ಟಿದಾಗ ನೀರು ಸುಮಾರು 9 ಶೇಕಡಾ ಹಿಗ್ಗುತ್ತದೆ), ಬೆಳಿಗ್ಗೆ ಆಹಾರದ ಮೇಲ್ಗಡೆ ಜೋಡಿಸಿ. ತಂಪು ಗಾಳಿ ಕೆಳಕ್ಕಿಳಿಯುತ್ತದೆ. ಕುಡಿಯುವ ನೀರು ಬೇರೆ ಚೀಲದಲ್ಲಿರಲಿ, ಇಲ್ಲದಿದ್ದರೆ ಬಾಕ್ಸಿನ ಮುಚ್ಚಳ ಮತ್ತೆ ಮತ್ತೆ ತೆಗೆಯಬೇಕಾಗುತ್ತದೆ.

ಮಧ್ಯಾಹ್ನ ಮಂಪರು ಬರುವುದು ಊಟದಿಂದ ಮಾತ್ರವಲ್ಲ. 2ರಿಂದ 4ರವರೆಗೆ ದೇಹದ ಗಡಿಯಾರವೇ ಮಂದವಾಗಿರುತ್ತದೆ, ಭಾರಿ ಊಟ ಅದನ್ನು ಹೆಚ್ಚಿಸುತ್ತದೆ. ಹಾಗಾಗಿ ದೊಡ್ಡ ನಡಿಗೆಯನ್ನು ಊಟವಾದ ಕೂಡಲೇ ಇಡಿ. ಆದರೂ ಕಣ್ಣು ಎಳೆದರೆ ಗಾಡಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು ತಕ್ಷಣ 15–20 ನಿಮಿಷ ಮಲಗಿ. ಕಾಫಿ ಕೆಲಸ ಶುರುಮಾಡುವ ಹೊತ್ತಿಗೆ ಏಳುತ್ತೀರಿ. ಇನ್ನೂ ಹೆಚ್ಚು ಮಲಗಿದರೆ ಎದ್ದ ಮೇಲೂ ಮಂಕು ಬಿಡದು. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ನಿದ್ದೆಗೆ ಮದ್ದಲ್ಲ.

ಪ್ರಶ್ನೆ: ಮಗಳಿಗೆ ತಿರುವಿನಲ್ಲಿ ವಾಂತಿ. ಖಾಲಿ ಹೊಟ್ಟೆಯಲ್ಲಿ ಕರೆದೊಯ್ಯಬೇಕೆ?

ಉತ್ತರ: ಬೇಡ, ಖಾಲಿ ಹೊಟ್ಟೆಯಲ್ಲೂ ಸಂಕಟವಾಗುತ್ತದೆ. ಹೊರಡುವ ಒಂದು ಗಂಟೆ ಮುಂಚೆ ಎಣ್ಣೆ ಕಡಿಮೆಯಿರುವ ಹಗುರ ತಿಂಡಿ ಕೊಡಿ. ಫೋನ್, ಪುಸ್ತಕ ಬೇಡ; ಕಣ್ಣು ದೂರದ ದಿಗಂತದ ಮೇಲಿರಲಿ. ತಿರುವುಗಳು ಶುರುವಾಗುವ ಮೊದಲೊಮ್ಮೆ, ಮುಗಿದ ಕೂಡಲೇ ಇನ್ನೊಮ್ಮೆ ನಿಲ್ಲಿಸಿ ಗಾಳಿಗೆ ಇಳಿಸಿ. ಊಟದ ಜಾಗವನ್ನು ತಿರುವುಗಳ ಆಚೆಗೇ ಆರಿಸಿ.